ನಾಲ್ಕೂ ತಾಲೂಕು ಶಹಾಬಾದ್ ಆದಾಗ

ಜಾವಾ ಲ್ಯಾಬ್ ವೈವಾದಲ್ಲಿ ನಾವೆಲ್ಲ ಒಂದೇ ಉತ್ತರ ಹೇಳಿ ಬಂದ್ವಿ: ಸ್ಟ್ಯಾಟಿಕ್ ವೇರಿಯಬಲ್ ಕ್ಲಾಸ್‌ಗೆ ಸೇರಿದ್ದು, ಎಲ್ಲ ಆಬ್ಜೆಕ್ಟ್‌ಗೂ ಒಂದೇ ಕಾಪಿ. ಇಂಗ್ಲಿಷ್ ಮೀಡಿಯಂನವರಿಗೆ ಆ ಸಾಲು ಸಲೀಸು, ಮಾರ್ಕ್ಸೂ ಬಂತು. ಯಾವುದನ್ನ ಸ್ಟ್ಯಾಟಿಕ್ ಮಾಡಬೇಕು, ಯಾವುದನ್ನ ಮಾಡಬಾರದು ಅಂತ ಯಾರೂ ಕೇಳಲಿಲ್ಲ. ಕೇಳಿದ್ರೆ ನಮಗೆ ಗೊತ್ತಿರಲಿಲ್ಲ. ಮ್ಯಾನ್ಯುಯಲ್‌ನ ಎಂಪ್ಲಾಯೀ, ಸ್ಟೂಡೆಂಟ್ ಕ್ಲಾಸ್‌ಗಳಲ್ಲಿ ಆ ತೀರ್ಮಾನ ಮೊದಲೇ ಆಗಿರುತ್ತೆ, ನಾವು ಬರೀ ಟೈಪ್ ಮಾಡೋದು.

ಆಮೇಲೆ ಹಾಸ್ಟೆಲ್‌ನಲ್ಲಿ ಕೂತು ನಮ್ಮ ಊರುಗಳನ್ನೇ ಇಟ್ಕೊಂಡು 'ತಾಲೂಕು' ಅನ್ನೋ ಕ್ಲಾಸ್ ಬರೆದ್ವಿ. (ಜಾವಾದಲ್ಲಿ ಕ್ಲಾಸ್, ವೇರಿಯಬಲ್ ಹೆಸರು ಕನ್ನಡ ಲಿಪಿಯಲ್ಲೇ ಇಡಬಹುದು. ಫೈಲು, ಕಂಪೈಲರು ಎರಡೂ ಯುಟಿಎಫ್-8ನಲ್ಲಿ ಇರಬೇಕು, ಅಷ್ಟೇ.) ಕನ್‌ಸ್ಟ್ರಕ್ಟರ್ 'ಹೆಸರು' ತುಂಬುತ್ತೆ, 'ಎಣಿಕೆ'ಗೆ ಒಂದು ಕೂಡಿಸುತ್ತೆ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಅಂತ ನಾಲ್ಕು ಆಬ್ಜೆಕ್ಟ್ ಮಾಡಿ ಪ್ರಿಂಟ್ ಕೊಟ್ರೆ ನಾಲ್ಕೂ ಶಹಾಬಾದ್! 'ಹೆಸರು' ಮುಂದೆಯೂ ಸ್ಟ್ಯಾಟಿಕ್ ಹಾಕಿಬಿಟ್ಟಿದ್ವಿ. ಇರೋದು ಒಂದೇ ಜಾಗ, ಪ್ರತಿ ಸಲ ಕನ್‌ಸ್ಟ್ರಕ್ಟರ್ ಬಂದು ಹಳೇ ಹೆಸರಿನ ಮೇಲೇ ಬರೆಯುತ್ತೆ. ಅದನ್ನ ತೆಗೆದ್ವಿ. ಈಗ ಎಣಿಕೆ ಬರೀ 1. ಅದನ್ನ ಸೊನ್ನೆ ಮಾಡೋ ಸಾಲು ಕನ್‌ಸ್ಟ್ರಕ್ಟರ್ ಒಳಗೇ ಕೂತಿತ್ತು, ಹೊಸ ತಾಲೂಕು ಹುಟ್ಟಿದಾಗೆಲ್ಲ ಹಳೇ ಲೆಕ್ಕ ಅಳಿಸ್ತಿತ್ತು. ಕಂಪೈಲರ್ ಎರಡೂ ಸಲ ತುಟಿ ಬಿಚ್ಚಲಿಲ್ಲ. ತಪ್ಪು ಹಿಡಿದವನು ಚಿಂಚೋಳಿಯ ಗೆಳೆಯ. ವೈವಾದಲ್ಲಿ ಇಂಗ್ಲಿಷ್‌ನಲ್ಲಿ ತಡವರಿಸಿ ನಮಗಿಂತ ಕಡಿಮೆ ಮಾರ್ಕ್ಸ್ ತಗೊಂಡವನೂ ಅವನೇ.

"ನಮ್ಮೂರೂ ಹಾಕ್ರೋ" ಅಂದ ವಾಡಿಯವನು. ವಾಡಿ ದೊಡ್ಡ ಜಂಕ್ಷನ್, ಸಿಮೆಂಟ್ ಊರು, ಖರೆ. ಆದ್ರೆ ಅದು ತಾಲೂಕಲ್ಲ, ಚಿತ್ತಾಪುರ ತಾಲೂಕಿನೊಳಗಿನ ಊರು. ನಮ್ಮ ಕನ್‌ಸ್ಟ್ರಕ್ಟರ್ ಏನೂ ಕೇಳದೆ ಒಳಗೆ ಬಿಟ್ಟು ಎಣಿಕೆ 5 ಮಾಡ್ತು. ಆಬ್ಜೆಕ್ಟ್ ಹುಟ್ಟೋ ಬಾಗಿಲು ಅದು, ತಪಾಸಣೆ ಅಲ್ಲೇ ಆಗಬೇಕಿತ್ತು.

ಇನ್ನು 'ಜಿಲ್ಲೆ'. ಅದನ್ನ ಸ್ಟ್ಯಾಟಿಕ್ ಮಾಡಿದ್ದು ಸರಿ ಅಂತಲೇ ಎಲ್ಲರೂ ಅಂದ್ಕೊಂಡ್ವಿ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯ್ತಲ್ಲ, ಕೋಡ್‌ನಲ್ಲಿ ಒಂದು ಸಾಲು ಬದಲಿಸಿದ್ರೆ ನಾಲ್ಕೂ ತಾಲೂಕಿಗೆ ಹೊಸ ಹೆಸರು. ನಮ್ಮ ಅಪ್ಪಂದಿರ ಹಳೇ ಮಾರ್ಕ್ಸ್ ಕಾರ್ಡುಗಳು ಮಾತ್ರ ಗುಲ್ಬರ್ಗಾ ಅಂತಲೇ ಉಳಿದಿವೆ. ಅವು ತಮ್ಮ ಕಾಪಿ ತಾವೇ ಇಟ್ಕೊಂಡ ಆಬ್ಜೆಕ್ಟ್‌ಗಳು.

ಆಗ ಒಬ್ಬಳು ಸುರಪುರ ಸೇರಿಸಿದಳು. ಪ್ರೋಗ್ರಾಂ ಅದಕ್ಕೂ ಕಲಬುರಗಿ ಅಂತು. ಸುರಪುರ ಇರೋದು ಯಾದಗಿರಿಯಲ್ಲಿ, ಗುಲ್ಬರ್ಗಾದಿಂದಲೇ ಒಡೆದು ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿ. ಸ್ಟ್ಯಾಟಿಕ್ ಅಂದ್ರೆ ಈ ಕ್ಲಾಸ್‌ನ ಯಾವ ಆಬ್ಜೆಕ್ಟ್‌ಗೂ ಬೇರೆ ಬೆಲೆ ಇರಲ್ಲ ಅಂತ ಮಾತು ಕೊಟ್ಟ ಹಾಗೆ. ಯೋಚನೆ ಮಾಡದೇ ಕೊಟ್ಟಿದ್ವಿ. ಕೊನೆಗೆ 'ಜಿಲ್ಲೆ'ಯನ್ನೇ ಬೇರೆ ಕ್ಲಾಸ್ ಮಾಡಿ, ಪ್ರತಿ ತಾಲೂಕಿನ ಕನ್‌ಸ್ಟ್ರಕ್ಟರ್‌ಗೂ ಅದರ ಜಿಲ್ಲೆಯನ್ನ ಕೊಟ್ವಿ. ಹೆಸರು ಬದಲಾದ್ರೆ ಈಗಲೂ ಒಂದೇ ಕಡೆ ತಿದ್ದಿದ್ರೆ ಸಾಕು.

ಮುಂದಿನ ವೈವಾದಲ್ಲಿ ವ್ಯಾಖ್ಯಾನ ಬಿಟ್ಟು, ಸುರಪುರ ಸೇರಿಸಿದ್ರೆ ಏನಾಗುತ್ತೆ ಅಂತ ಕೇಳಲಿ ಅನ್ನೋದು ನಮ್ಮ ಬೇಡಿಕೆ. ಉತ್ತರವನ್ನ ಕನ್ನಡದಲ್ಲಿ ಹೇಳೋಕೂ ಬಿಡಲಿ. ಆಗ ಚಿಂಚೋಳಿಯವನಿಗೆ ಎಷ್ಟು ಮಾರ್ಕ್ಸ್, ನಮಗೆಷ್ಟು ಅಂತ ನೋಡೋಣ.