ಕೆಮ್ಮಿನ ವಾಯಿದೆ

ಅಧ್ಯಾಪಕನಿಗೆ ಕೆಮ್ಮು ಬಂದರೆ ತರಗತಿಗೆ ಹಬ್ಬ. ಕಳೆದ ಮಾಗಿಯಲ್ಲಿ ನೆಗಡಿಯ ಬೆನ್ನಿಗೇ ಬಂದ ಕೆಮ್ಮು ಹತ್ತು ದಿನವಾದರೂ ನನ್ನನ್ನು ಬಿಡಲಿಲ್ಲ. ಕಫ ಹಳದಿಯಾದುದನ್ನು ಕಂಡು ಗಾಬರಿಗೊಂಡು, ನೆರೆಮನೆಯಲ್ಲಿ ಉಳಿದಿದ್ದ ಯಾವುವೋ ಮಾತ್ರೆಗಳನ್ನು ನುಂಗಲು ಸಿದ್ಧನಾಗಿದ್ದೆ. ಮನೆಯಾಕೆ ತಡೆದು ವೈದ್ಯರಲ್ಲಿಗೆ ಅಟ್ಟಿದಳು.

“ಬ್ರಾಂಕೈಟಿಸ್, ಮೇಷ್ಟ್ರೇ” ಎಂದರು ವೈದ್ಯರು. ಶ್ವಾಸನಾಳವು ಎದೆಯೊಳಗೆ ಕವಲೊಡೆದು ಶ್ವಾಸಕೋಶಗಳನ್ನು ಸೇರುವುದಷ್ಟೆ. ಆ ಕವಲುಗಳ ಒಳಪೊರೆ ಊದಿಕೊಂಡು ಕಫ ಸುರಿಸುವುದೇ ಈ ವ್ಯಾಧಿ. ಬಹುಪಾಲು ಇದು ವೈರಸ್ಸಿನ ಕೆಲಸವಾದುದರಿಂದ ಆಂಟಿಬಯೋಟಿಕ್ಕುಗಳಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಕಫದ ಬಣ್ಣವೊಂದನ್ನೇ ನೋಡಿ ಅವನ್ನು ನುಂಗತಕ್ಕದ್ದೂ ಅಲ್ಲ. ವಿಶ್ರಾಂತಿ, ಬಿಸಿನೀರು, ಬೇಕಾದರೆ ಜೇನು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು.

ಇಂಥ ಕೆಮ್ಮು ಮೂರು ವಾರದವರೆಗೂ ಎಳೆಯಬಹುದಂತೆ. ಆದರೂ ನಮ್ಮ ದೇಶದಲ್ಲಿ ಎರಡು ವಾರ ಕಳೆದ ಕೆಮ್ಮನ್ನು ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಕ್ರಮ. ಸರಕಾರಿ ಆಸ್ಪತ್ರೆಗಳಲ್ಲಿ ಕಫಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಮೂರು ದಿನಕ್ಕೂ ಇಳಿಯದ ಜ್ವರ, ವೃದ್ಧರಲ್ಲಿ ಮಂಕು—ಇವು ಕಂಡರೆ ವಾಯಿದೆಯ ಮಾತೇ ಇಲ್ಲ, ಕೂಡಲೇ ಹೊರಡಬೇಕು. ಮಕ್ಕಳಿದ್ದ ಮನೆಯವರು ಗಡಿಯಾರ ಹಿಡಿದು ಉಸಿರೆಣಿಸಲು ಕಲಿಯುವುದು ಲೇಸು. ಅಳದೆ ಮಲಗಿರುವಾಗ ನಿಮಿಷಕ್ಕೆ, ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳು ದಾಟಿ ವರ್ಷ ತುಂಬದ ಕೂಸಿಗೆ 50, ಅಥವಾ ಅದಕ್ಕೂ ಹೆಚ್ಚು ಉಸಿರು ಕಂಡರೆ ನ್ಯುಮೋನಿಯಾದ ಶಂಕೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇದಿದರಂತೂ ರಾತ್ರಿಯೆಂದು ಕಾಯಬಾರದು.

ಎದ್ದು ಹೊರಡುವಾಗ, “ನಮ್ಮ ತಾಯಿಯವರೂ ಕೆಮ್ಮುತ್ತಲೇ ಇರುತ್ತಾರೆ” ಎಂದೆ, ಮಾತಿಗೆ. ಅಮ್ಮನ ಕೆಮ್ಮು ನಮಗೆ ಗೋಡೆ ಗಡಿಯಾರದ ಸದ್ದಿನಂತೆ. ಇರುವುದೇ ಅರಿವಿಗೆ ಬಾರದು. ವೈದ್ಯರು ಮಾತ್ರ ಲೇಖನಿ ಕೆಳಗಿಟ್ಟರು. ಎಷ್ಟು ವರ್ಷದಿಂದ? ಬೀಡಿ ಸಿಗರೇಟಿನ ಪ್ರಶ್ನೆಯಿಲ್ಲ, ಸೌದೆ ಒಲೆಯೇ? ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಕಫದ ಕೆಮ್ಮಿದ್ದು, ಬೇರೆ ಕಾರಣ ಕಾಣದಿದ್ದರೆ, ಅದು ದೀರ್ಘಕಾಲಿಕ ಬ್ರಾಂಕೈಟಿಸ್ ಎನಿಸುತ್ತದೆ. ಹೊಗೆಯೂ ಅದಕ್ಕೆ ಸಾಕು. ಮಹಡಿಯೇರುವಾಗ ಅಮ್ಮ ನಡುಮೆಟ್ಟಿಲಲ್ಲಿ ನಿಂತು ಬೀದಿಯ ಸೊಪ್ಪಿನವಳನ್ನು ನೋಡುವ ನೆಪ ಮಾಡುತ್ತಿದ್ದುದು ನನಗೆ ಆಗ ನೆನಪಾಯಿತು.

ಮರುದಿನವೇ ಕರೆದೊಯ್ದೆ. ಒಂದು ಯಂತ್ರದ ಕೊಳವೆಯನ್ನು ಬಾಯಿಗಿಟ್ಟು, “ಜೋರಾಗಿ ಊದಿ, ತಾಯಿ” ಎಂದರು.

“ಮೂವತ್ತು ವರ್ಷ ಒಲೆ ಊದಿದವಳಿಗೆ ಇದೇನು ಹೊಸದಪ್ಪಾ?” ಎಂದು ನಕ್ಕರು ಅಮ್ಮ. ಅರ್ಧ ಊದುವಷ್ಟರಲ್ಲಿ ಉಸಿರು ಮುಗಿಯಿತು.