ಬೇಸಗೆಯ ತರಬೇತಿ ಮತ್ತು ಕೂಟಲೇಖ

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಗೆಯ ರಜೆ ಬಂದೊಡನೆ ವಾಣಿಜ್ಯಶಾಸ್ತ್ರವನ್ನೂ ಕಾನೂನನ್ನೂ ಓದುವ ತರುಣರು ಲೆಕ್ಕಪರಿಶೋಧಕರ ಕಚೇರಿಗಳಿಗೆ ಇಂಟರ್ನ್‌ಶಿಪ್‌ಗೆಂದು ತೆರಳುವುದು ಈಗ ವಾಡಿಕೆಯಾಗಿದೆ. ಮನೆಯ ಹಿರಿಯರು ಅವರನ್ನು ಕೇಳುವ ಪ್ರಶ್ನೆಗಳು ಎರಡೇ: ಸಂಸ್ಥೆ ಎಷ್ಟು ದೊಡ್ಡದು? ಸ್ಟೈಪೆಂಡ್ ಎಷ್ಟು? ಅಲ್ಲಿ ಅವರಿಂದ ಏನನ್ನು ಬರೆಸುತ್ತಾರೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಕೇಳಬೇಕಾದುದು ಮಾತ್ರ ಆ ಮೂರನೆಯ ಪ್ರಶ್ನೆಯನ್ನೇ.

ಬೆಂಗಳೂರಿನ ಅಂಥದೊಂದು ಕಚೇರಿಯ ಕಾರ್ಪೊರೇಟ್ ತೆರಿಗೆ ವಿಭಾಗದಲ್ಲಿ ಎಂಟು ವಾರ ಕಳೆದ ಒಬ್ಬ ವಿದ್ಯಾರ್ಥಿಯ ಅನುಭವವನ್ನು ನೋಡಬಹುದು. ಮೊದಲ ಆರು ವಾರಗಳಲ್ಲಿ ಆತ ಕಲಿತದ್ದು ಕಡಿಮೆಯೇನಲ್ಲ. ಪುಸ್ತಕದ ಲಾಭಕ್ಕೂ ತೆರಿಗೆಗೆ ಒಳಪಡುವ ಆದಾಯಕ್ಕೂ ಇರುವ ಅಂತರ, ಸವಕಳಿಯ ಎಣಿಕೆ, ಮೂಲದಲ್ಲಿ ಕಡಿತವಾದ ತೆರಿಗೆಯ ತಾಳೆ, ನ್ಯಾಯಮಂಡಳಿಯ ತೀರ್ಪುಗಳನ್ನು ಓದುವ ಕ್ರಮ, ಇವೆಲ್ಲ ತರಗತಿಯಲ್ಲಿ ಸುಲಭವಾಗಿ ದೊರೆಯದ ವಿದ್ಯೆ. ಏಳನೆಯ ವಾರ ಅವನ ಮೇಜಿಗೆ ಬೇರೊಂದು ಕಡತ ಬಂತು. ಲಾಭದಲ್ಲಿದ್ದ ಕಂಪನಿಯೊಂದು, ಹಳೆಯ ನಷ್ಟವನ್ನು ಹೊತ್ತಿದ್ದ ತನ್ನ ಸೋದರ ಕಂಪನಿಗೆ 'ನಿರ್ವಹಣಾ ಸೇವೆ'ಯ ಶುಲ್ಕವೆಂದು ಒಂದು ಕೋಟಿ ರೂಪಾಯಿ ಖರ್ಚು ಬರೆದಿತ್ತು. ಆ ಸೇವೆಗೆ ಪುರಾವೆ ಒದಗಿಸುವಂತೆ ತೆರಿಗೆ ಇಲಾಖೆಯಿಂದ ನೋಟಿಸು ಬಂದಿತ್ತು. ಕಡತದಲ್ಲಿ ಒಪ್ಪಂದವಿರಲಿಲ್ಲ, ವರದಿಯಿರಲಿಲ್ಲ. ಸೇವೆ ನಡೆಯಿತೆಂಬುದಕ್ಕೆ ಒಂದು ಪತ್ರವೂ ಇರಲಿಲ್ಲ.

ಆ ಲೆಕ್ಕವರ್ಷದ ಆರಂಭದ ದಿನಾಂಕ ಹಾಕಿ ಒಂದು ಒಪ್ಪಂದವನ್ನೂ, ಹನ್ನೆರಡು ತಿಂಗಳ ಹನ್ನೆರಡು ವರದಿಗಳನ್ನೂ ಸಿದ್ಧಪಡಿಸೆಂದು ಮೇಲಿನವರು ಅವನಿಗೆ ಸೂಚಿಸಿದರು. ಇದು ಬರಿಯ ಫಾರ್ಮಾಲಿಟಿ ಎಂದರು. ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ತಿಂಗಳುಗಳು ಕಳೆದುಹೋದವು. ಎಲ್ಲ ವರದಿಗಳೂ ಒಂದೇ ಕೈಯವೆಂದು ಕಾಣದಿರಲೆಂದು ಆತ ವಾಕ್ಯಗಳನ್ನು ಬದಲಿಸಿ ಬದಲಿಸಿ ಬರೆದ. ಅವನ ಭಾಷೆ ಮೆಚ್ಚುಗೆಗೆ ಪಾತ್ರವಾಯಿತು. ವಾರ ಕಳೆದು ಪ್ರಶಸ್ತಿಪತ್ರ ದೊರೆಯಿತು. ಮೊದಲ ಸಂಪಾದನೆಯೆಂದು ಮನೆಯವರು ಆ ಸ್ಟೈಪೆಂಡಿನಲ್ಲಿ ಒಂದು ಪಾಲನ್ನು ಬಸದಿಯ ಹುಂಡಿಗೆ ಹಾಕಿ ಕೈಮುಗಿದರು.

ಉಳಿತಾಯವಾದುದೆಷ್ಟು? ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗಳಿಗೆ 2019ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ದರ ಶೇ. 22, ಸರ್ಚಾರ್ಜು ಮತ್ತು ಸೆಸ್ ಸೇರಿದರೆ ಶೇ. 25.168. ಒಂದು ಕೋಟಿಯ ಖರ್ಚಿಗೆ 25 ಲಕ್ಷಕ್ಕೂ ಮಿಕ್ಕಿದ ತೆರಿಗೆ ಇಲ್ಲವಾಯಿತು. ಅತ್ತ ಸೋದರ ಕಂಪನಿಯ ಹಳೆಯ ನಷ್ಟ ಆ ಆದಾಯವನ್ನು ನುಂಗಿತು. ಹೀಗೆ ತಪ್ಪಿಹೋದ ಹಣದ ಭಾರವನ್ನು ಹೊರುವವರು ಯಾರು? ಸಂಬಳ ಕೈಸೇರುವ ಮೊದಲೇ ತೆರಿಗೆ ಕಡಿತಗೊಳ್ಳುವ ಶಾಲಾಶಿಕ್ಷಕ. ಕೊಳ್ಳುವ ಪದಾರ್ಥದ ಬೆಲೆಯಲ್ಲಿಯೇ ಜಿ.ಎಸ್.ಟಿ. ತೆರುವ ಕೂಲಿಕಾರ. ಅವರ ಪರವಾಗಿ ಹಿಂದಿನ ದಿನಾಂಕ ಹಾಕಿ ಬರೆದುಕೊಡುವ ತರುಣ ಯಾವ ಕಚೇರಿಯಲ್ಲಿಯೂ ಇಲ್ಲ.

ಇಂಥ ಮಾತೆತ್ತಿದೊಡನೆ ಬರುವ ಉತ್ತರ ಒಂದೇ: ಕಾನೂನಿನಲ್ಲಿ ತಪ್ಪಿಲ್ಲ. ಇದು ಅರ್ಧಸತ್ಯವೂ ಅಲ್ಲ. ತೆರಿಗೆ ಯೋಜನೆ ಪಾಪವೆಂದು ಯಾರೂ ಹೇಳುತ್ತಿಲ್ಲ. ಶಾಸನವೇ ಕೊಟ್ಟ ರಿಯಾಯಿತಿಯನ್ನು ಪಡೆಯುವವನು ಕಳ್ಳನಲ್ಲ. ಆದರೆ ಮರೆಮಾಚುವ ಉಪಾಯಗಳು ಯೋಜನೆಯೆನಿಸಲಾರವೆಂದು ಸುಪ್ರೀಂ ಕೋರ್ಟು 1985ರಲ್ಲಿ ಮೆಕ್‌ಡೊವೆಲ್ ಪ್ರಕರಣದಲ್ಲಿ ಸಾರಿತು. ಕಂಪನಿಯ ಪರವಾಗಿ ತೀರ್ಪು ಬಂದ 2012ರ ವೊಡಾಫೋನ್ ಪ್ರಕರಣವೂ ಹುಸಿ ವ್ಯವಹಾರಕ್ಕೆ ರಕ್ಷಣೆ ನೀಡಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮು ಮಾನ್ಯ ಮಾಡಿದ್ದು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚನ್ನು. 277ನೆಯ ಕಲಮು ಸುಳ್ಳು ಹೇಳಿಕೆಗೆ ಸೆರೆವಾಸವನ್ನು ವಿಧಿಸಿತ್ತು. ತೆರಿಗೆಯ ಲಾಭ 3 ಕೋಟಿಯನ್ನು ಮೀರದಿದ್ದರೆ 2017ರಿಂದ ಜಾರಿಗೆ ಬಂದ ತೆರಿಗೆ ತಪ್ಪಿಸುವಿಕೆ ತಡೆಯ ಸಾಮಾನ್ಯ ನಿಯಮ ಅನ್ವಯಿಸುವುದಿಲ್ಲವೆಂದು ಬುದ್ಧಿವಂತರು ಧೈರ್ಯ ಹೇಳುತ್ತಾರೆ. ಆ ಮಿತಿ ಆಡಳಿತದ ಅನುಕೂಲಕ್ಕೆ ಎಳೆದ ಗೆರೆ. 3 ಕೋಟಿಯೊಳಗಿನ ಸುಳ್ಳಿಗೆ ಕೊಟ್ಟ ಪರವಾನಗಿಯಲ್ಲ.

ಎರಡನೆಯ ಸಮರ್ಥನೆ: ಅಧಿಕಾರಿಗಳು ಪ್ರಾಮಾಣಿಕರೆ? ಸರ್ಕಾರ ಹಣವನ್ನು ಪೋಲು ಮಾಡುತ್ತಿಲ್ಲವೆ? ಮಾಡುತ್ತಿರಬಹುದು. ಅದಕ್ಕೆ ಮತಪೆಟ್ಟಿಗೆಯಿದೆ, ಅನ್ಯಾಯದ ತೆರಿಗೆ ನಿರ್ಧರಣೆಗೆ 1941ರಿಂದಲೂ ಮೇಲ್ಮನವಿ ನ್ಯಾಯಮಂಡಳಿಯಿದೆ. ಪರರ ಮಲಿನ ಹಸ್ತ ತನ್ನ ಹಸ್ತವನ್ನು ತೊಳೆಯುವ ನೀರಲ್ಲ.

ಮೂರನೆಯದು ಹೆಚ್ಚು ನಯವಾದುದು, ಹೆಚ್ಚು ಅಪಾಯಕರವಾದುದು: ಎಲ್ಲವೂ ದೃಷ್ಟಿಭೇದ, ಇದೂ ಒಂದು ಅನೇಕಾಂತವಂತೆ! ವಸ್ತುವಿನ ಹಲವು ಧರ್ಮಗಳನ್ನು ವಿನಯದಿಂದ ಕಾಣಲು ಕಲಿಸಿದ ತತ್ತ್ವವನ್ನು ಹುಸಿ ಬಿಲ್ಲಿಗೆ ಹೊದಿಕೆಯಾಗಿಸುವುದಕ್ಕಿಂತ ಹೀನವಾದ ಪಾಂಡಿತ್ಯ ಬೇರೊಂದಿಲ್ಲ. ನಡೆಯದ ಸೇವೆಗೆ ಯಾವ ನಯ? ಬರೆಯದ ದಿನದ ಬರಹಕ್ಕೆ ಯಾವ ದೃಷ್ಟಿ?

ಶ್ರಾವಕಧರ್ಮ ಇಂಥ ವಿಷಯದಲ್ಲಿ ಸಂದಿಗ್ಧವಾಗಿಲ್ಲ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಣಿಸಿದೆ. ತೂಕ ಅಳತೆಗಳಲ್ಲಿ ಮೋಸ ಮಾಡುವುದನ್ನು ಹೆಸರು ಹಿಡಿದು ನಿಷೇಧಿಸಿದ ಆಚಾರ್ಯರಿಗೆ ವ್ಯಾಪಾರಿಯ ಮನಸ್ಸಿನ ಒಳದಾರಿಗಳು ತಿಳಿಯದೆ ಇರಲಿಲ್ಲ.

ಪಾಪದ ಪಾಲುಗಾರರನ್ನೂ ಶಾಸ್ತ್ರ ಗುರುತಿಸಿದೆ: ಕೃತ, ಕಾರಿತ, ಅನುಮೋದಿತ. ವಿದ್ಯಾರ್ಥಿ ಮಾಡಿದ, ಮೇಲಿನವರು ಮಾಡಿಸಿದರು, ಕಂಪನಿ ರುಜು ಹಾಕಿತು. ಪ್ರಶ್ನಿಸದೆ ಸ್ಟೈಪೆಂಡಿಗೆ ಸಂತೋಷಪಟ್ಟ ಮನೆಯೂ ಮೂರನೆಯ ಪಾಲಿನಿಂದ ತಪ್ಪಿಸಿಕೊಳ್ಳಲಾರದು. ಇವರೆಲ್ಲರಲ್ಲಿ ಅತ್ಯಂತ ದುರ್ಬಲನಾದವನು ಆ ಇಪ್ಪತ್ತರ ಹುಡುಗ. ಅವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲ, ಪ್ರಶಸ್ತಿಪತ್ರವೊಂದನ್ನು ಬಿಟ್ಟು. ಆದರೆ ಕೈ ಅವನದು. ಮೊದಲ ಸುಳ್ಳನ್ನು ಅಂದವಾಗಿ ಬರೆದು ಹೊಗಳಿಸಿಕೊಂಡ ಕೈ ಎರಡನೆಯದಕ್ಕೆ ನಡುಗುವುದಿಲ್ಲ. ಇಲ್ಲಿ ಬೊಕ್ಕಸಕ್ಕಾದ 25 ಲಕ್ಷದ ನಷ್ಟ ಚಿಕ್ಕದು. ಕಾಗದದಲ್ಲಿ ಸತ್ಯವನ್ನು ತಯಾರಿಸಬಹುದೆಂದು ಒಬ್ಬ ತರುಣ ಕಲಿತುದು ದೊಡ್ಡ ನಷ್ಟ.

ಸಮಾಜದಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ, ಕಂಪನಿಗಳ ಒಡೆಯರಿಗೂ ಕೊರತೆಯಿಲ್ಲ. ತರಬೇತಿಗೆ ಬರುವ ಮಕ್ಕಳಿಗೆ ಮೊದಲ ದಿನವೇ ಅವರು ಒಂದು ನಿಯಮ ಹೇಳಲಿ: ಬರೆದ ದಿನದ ಹೊರತು ಬೇರೆ ದಿನಾಂಕ ಹಾಕಬೇಡ, ನಡೆಯದುದನ್ನು ನಡೆದಂತೆ ಬರೆಯಬೇಡ, ಬರೆಯಲೊಲ್ಲೆನೆಂದರೆ ನಿನ್ನ ಪ್ರಶಸ್ತಿಪತ್ರಕ್ಕೆ ಕುಂದಿಲ್ಲ. ಹೀಗೆ ಹೇಳಲಾಗದ ಒಡೆಯ ವಿದ್ಯಾರ್ಥಿನಿಲಯಕ್ಕೆ ಎಷ್ಟು ಕೊಠಡಿಗಳನ್ನು ಕಟ್ಟಿಸಿದರೂ ಅಲ್ಲಿಯ ಮಕ್ಕಳಿಗೆ ಅವನು ಕೊಡುವುದು ಸೂರನ್ನು ಮಾತ್ರ. ಹಿರಿಯರೂ ಮುಂದಿನ ಬೇಸಗೆಯಲ್ಲಿ ಸ್ಟೈಪೆಂಡಿನ ಪ್ರಶ್ನೆಗೆ ಮೊದಲು ಆ ಮೂರನೆಯ ಪ್ರಶ್ನೆಯನ್ನು ಕೇಳಲಿ. ಹುಂಡಿಗೆ ಹಾಕುವ ಹಣ ಎಲ್ಲಿಂದ ಬಂತೆಂದು ಬಸದಿ ಕೇಳುವುದಿಲ್ಲ, ಕೇಳಬೇಕಾದುದು ಮನೆ.