ಬರಿಗಾಲೂ ವ್ಯೂಹವೂ

ವಿಶ್ವಕಪ್ಪಿನ ಕಾಲ ಬಂದಿತೆಂದರೆ ನಮ್ಮ ತೂಬಗೆರೆಯ ಜಗಲಿಗಳಲ್ಲಿಯೂ ಕಾಲ್ಚೆಂಡಿನ ಮಾತು ಏಳುವುದುಂಟು. ಆಗ ಯಾರಾದರೊಬ್ಬರು, “ನಮ್ಮವರು ಬರಿಗಾಲಿನಲ್ಲಿ ಆಡಲು ಹೋಗಿ ಹತ್ತು ಗೋಲು ತಿಂದು ಬಂದವರಲ್ಲವೆ, ಮೇಷ್ಟ್ರೇ?” ಎಂದು ನಗುವರು. ಹತ್ತು ಗೋಲಾದದ್ದು ದಿಟ. ಆ ತಪ್ಪನ್ನು ಕಾಲಿನ ಮೇಲೆ ಹೊರಿಸುವುದು ಮಾತ್ರ ನನಗೆ ಸಮ್ಮತವಲ್ಲ.

೧೯೪೮ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ನಮ್ಮ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿದರು. ಫ್ರೆಂಚರು ಮೊದಲು ಗೋಲು ಹೊಡೆಯಲು, ನಮ್ಮ ಮೈಸೂರು ಸೀಮೆಯ ಸಾರಂಗಪಾಣಿ ರಾಮನ್ ಅವರು ಅದನ್ನು ಸರಿಗಟ್ಟಿದರು. ಎರಡು ಪೆನಾಲ್ಟಿಗಳನ್ನು ವ್ಯರ್ಥಮಾಡಿಕೊಂಡು, ಆಟ ಮುಗಿಯುವ ಹೊತ್ತಿಗೆ ಇನ್ನೊಂದು ಗೋಲನ್ನು ಬಿಟ್ಟುಕೊಟ್ಟು, ೨–೧ರಿಂದ ಸೋತರು. ಬರಿಗಾಲೇ ಕೇಡಿನ ಮೂಲವಾಗಿದ್ದ ಪಕ್ಷದಲ್ಲಿ ಅಂದೇ ಹತ್ತಾಗಬೇಕಿತ್ತು.

ಹತ್ತಾದದ್ದು ೧೯೫೨ರಲ್ಲಿ, ಹೆಲ್ಸಿಂಕಿಯಲ್ಲಿ, ಯುಗೊಸ್ಲಾವಿಯದ ಎದುರು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಫಾರ್ವರ್ಡುಗಳಲ್ಲಿ ಇವರೂ ಒಬ್ಬರು. ಚೆಂಡನ್ನು ಹಾವಾಡಿಗನಂತೆ ಆಡಿಸುವರೆಂದು ಜನ ಹೊಗಳುತ್ತಿದ್ದರು. ಇಂಥವರಿದ್ದೂ ಸೋತದ್ದೇಕೆ?

ಆ ಕಾಲದಲ್ಲಿ ನಮ್ಮವರ ರಚನೆ ಹಳೆಯ ಕ್ರಮದ್ದು: ಹಿಂದೆ ಇಬ್ಬರು ಬ್ಯಾಕುಗಳು, ನಡುವೆ ಮೂವರು ಹಾಫ್‌ಬ್ಯಾಕುಗಳು, ಮುಂದೆ ಐವರು. ೧೯೨೫ರಲ್ಲಿ ಆಫ್‌ಸೈಡಿನ ನಿಯಮ ಸಡಿಲವಾಯಿತು. ಮುಂದೆ ನುಗ್ಗುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕೆಂಬುದು ಹೋಗಿ, ಇಬ್ಬರಿದ್ದರೆ ಸಾಕೆಂದಾಯಿತು. ನುಗ್ಗುವವನಿಗೆ ದಾರಿ ತೆರೆದಂತಾಗಲು, ಇಂಗ್ಲೆಂಡಿನವರು ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆಳೆದು ಮೂರನೆಯ ಕಾವಲುಗಾರನನ್ನಾಗಿ ಮಾಡಿಕೊಂಡರು. ನಾವು ಇಬ್ಬರನ್ನೇ ನಂಬಿಕೊಂಡಿದ್ದೆವು. ಯುಗೊಸ್ಲಾವಿಯದ ಝೆಬೆಟ್ಸ್ ಒಬ್ಬನೇ ನಾಲ್ಕು ಗೋಲು ಹೊಡೆದನು. ಆತನು ಎಡಪಕ್ಕದಿಂದ ಬರುವ ಆಟಗಾರ. ಪಕ್ಕದಿಂದ ಬರುವವನನ್ನು ತಡೆಯಲು ಒಬ್ಬ ಬ್ಯಾಕು ಸರಿದರೆ ಗೋಲಿನ ಎದುರಿಗೆ ಉಳಿಯುವವನು ಇನ್ನೊಬ್ಬನೇ ಅಲ್ಲವೆ?

ಸೇನೆಗೆ ಪಕ್ಷ, ಕಕ್ಷ, ಉರಸ್ಯಗಳಲ್ಲದೆ ಬೆನ್ನ ಹಿಂದೆ ಪ್ರತಿಗ್ರಹವೆಂಬ ಮೀಸಲು ಬಲವೂ ಇರತಕ್ಕದ್ದೆಂದು ಕೌಟಿಲ್ಯನ ವಿಧಿ. (ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕಿತ್ತವರು ಮೈಸೂರಿನ ಶಾಮಶಾಸ್ತ್ರಿಗಳೆಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ.) ನಮ್ಮ ತಂಡಕ್ಕಿಲ್ಲದಿದ್ದುದು ಆ ಪ್ರತಿಗ್ರಹ. ಹೆಲ್ಸಿಂಕಿಯ ಚಳಿಯೂ ಬರಿಗಾಲೂ ಕಷ್ಟವನ್ನು ಹೆಚ್ಚಿಸಿರಬಹುದು, ಅಲ್ಲಗಳೆಯುವುದಿಲ್ಲ.

ಆಮೇಲೆ ಬೂಟು ಕಡ್ಡಾಯವಾಯಿತು. ಲೋಕ ನೆನಪಿಟ್ಟಿರುವುದು ಇಷ್ಟನ್ನೇ. ಆದರೆ ಹೈದರಾಬಾದಿನ ತರಬೇತುಗಾರ ಸಯ್ಯದ್ ಅಬ್ದುಲ್ ರಹೀಮರು (ಶಾಲಾ ಉಪಾಧ್ಯಾಯರು, ನಮ್ಮ ಕುಲದವರೇ!) ತಂಡದ ವ್ಯೂಹವನ್ನೇ ತಿದ್ದಿದರು. ೧೯೫೬ರ ಹೊತ್ತಿಗೆ ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರೆಂಬ ಕ್ರಮಕ್ಕೆ ಅವರು ಬಂದಿದ್ದರೆಂದು ಕಾಲ್ಚೆಂಡಿನ ಚರಿತ್ರೆ ಬರೆದವರು ಹೇಳುತ್ತಾರೆ. ಇಂಥ ಕ್ರಮದಲ್ಲಿ ನಡುವಿನವರ ಹೊಣೆ ದೊಡ್ಡದು. ನಮ್ಮೂರಿನ ಹೆಸರಿನಲ್ಲಿಯೇ ತೂಬಿದೆಯಷ್ಟೆ. ಕೆರೆಯ ನೀರನ್ನು ಗದ್ದೆಗೆ ಬೇಕಾದಷ್ಟೇ ಬಿಟ್ಟು, ಬೇಡವಾದಾಗ ತಡೆಯುವುದು ಅದರ ಕೆಲಸ. ಹಾಫ್‌ಬ್ಯಾಕಿನವನ ಕೆಲಸವೂ ಅದೇ. ಆ ವರ್ಷ ಮೆಲ್ಬರ್ನಿಗೆ ಹೋದ ಹಾಫ್‌ಬ್ಯಾಕುಗಳಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು.

ಅಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ೪–೨ರಿಂದ ಗೆದ್ದರು. ನೆವಿಲ್ ಡಿಸೋಜರದೇ ಮೂರು ಗೋಲು. ಸೆಮಿಫೈನಲಿನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದವರು ನಮ್ಮವರು. ಕಡೆಗೆ ೪–೧ರಿಂದ ಸೋತು, ನಾಲ್ಕನೆಯ ಸ್ಥಾನ ಪಡೆದು ಬಂದರು. ೧೯೬೦ರಲ್ಲಿ ರೋಮಿಗೂ ಕೆಂಪಯ್ಯನವರು ಹೋದರು. ಅಲ್ಲಿ ಫ್ರಾನ್ಸಿನ ಎದುರು ಆಟ ೧–೧ರಲ್ಲಿ ಸಮವಾಯಿತು.